ಒಂದು ಸಾಫ್ಟ್‌ವೇರಿನಿಂದ ಮತ್ತೊಂದಕ್ಕೆ ಹಾಡು ಸಾಗಿಸುವುದು

ಪ್ರಶ್ನೆ: ಮನೆಯಲ್ಲಿ ಕ್ಯೂಬೇಸ್ ಎಂಬ ಧ್ವನಿಮುದ್ರಣ ಸಾಫ್ಟ್‌ವೇರ್ ಬಳಸಿ 18 ಟ್ರ್ಯಾಕ್‌ಗಳ ಭಾವಗೀತೆಯೊಂದನ್ನು ಧ್ವನಿಮುದ್ರಿಸಿದ್ದೇನೆ. ಮಿಕ್ಸಿಂಗ್ ಮಾಡುವವರ ಬಳಿ ಇರುವುದು ಪ್ರೊ ಟೂಲ್ಸ್ ಎಂಬ ಬೇರೊಂದು ಸಾಫ್ಟ್‌ವೇರ್. ಆಡಿಯೋ ಫೋಲ್ಡರನ್ನು ಹಾಗೆಯೇ ಕೊಟ್ಟಾಗ ತಬಲಾ ಒಂದು ಕಡೆ, ಕೊಳಲು ಇನ್ನೊಂದು ಕಡೆ ಆಯಿತು. ಏನು ಮಾಡಬೇಕು?

ಉತ್ತರ: ಆ ಫೋಲ್ಡರಿನಲ್ಲಿರುವುದು ಬಿಡಿ ತುಣುಕುಗಳು ಮಾತ್ರ, ಯಾವುದು ಎಲ್ಲಿ ಕೂರಬೇಕೆಂಬ ಮಾಹಿತಿ ಕ್ಯೂಬೇಸ್‌ನ ಪ್ರಾಜೆಕ್ಟ್ ಫೈಲಿನಲ್ಲಿರುತ್ತದೆ, ಅದನ್ನು ಪ್ರೊ ಟೂಲ್ಸ್ ತೆರೆಯಲಾರದು. ಆದ್ದರಿಂದ ಪ್ರತಿಯೊಂದು ಟ್ರ್ಯಾಕನ್ನೂ, ಕೊಳಲು ಮೂರನೆಯ ನಿಮಿಷದಲ್ಲಷ್ಟೇ ಬರುವುದಾದರೂ, ಹಾಡಿನ ಮೊದಲ ಕ್ಷಣದಿಂದಲೇ ಆರಂಭವಾಗುವಂತೆ 24 ಬಿಟ್‌ನ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಕೊಳಲಿಗೆ ಮೊದಲಿನ ಅಷ್ಟುದ್ದದ ಮೌನ ದಂಡವೆನಿಸಬಹುದು. ಆದರೆ ಎಲ್ಲ ವಾದ್ಯಗಳನ್ನೂ ಒಂದೇ ಗೆರೆಗೆ ತಂದು ನಿಲ್ಲಿಸುವುದು ಆ ಮೌನವೇ.

ಸ್ಯಾಂಪಲ್ ರೇಟನ್ನು, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆದು ದಾಖಲಿಸಿದೆ ಎಂಬುದನ್ನು, ಬರೆದು ಕೊಡಲು ಮರೆಯಬೇಡಿ. 48,000 ಹರ್ಟ್ಸ್‌ನಲ್ಲಿ ಮುದ್ರಿಸಿದ್ದನ್ನು ಪರಿವರ್ತಿಸದೆ 44,100ರ ಸೆಷನ್ನಿನಲ್ಲಿ ನುಡಿಸಿದರೆ, 4 ನಿಮಿಷದ ಹಾಡು ಸುಮಾರು 4 ನಿಮಿಷ 21 ಸೆಕೆಂಡಿಗೆ ಎಳೆದುಕೊಂಡು, ಶ್ರುತಿಯೂ ಹೆಚ್ಚುಕಡಿಮೆ ಒಂದೂವರೆ ಸೆಮಿಟೋನ್ (ಅರ್ಧಸ್ವರ) ಇಳಿದು, ಗಾಯಕಿಗೆ ನೆಗಡಿಯಾದಂತೆ ಕೇಳಿಸುತ್ತದೆ.

ಎಎಎಫ್ ಎಂಬ ವಿನಿಮಯ ಫೈಲ್ ತುಣುಕುಗಳ ಸ್ಥಾನವನ್ನು ಒಯ್ಯಬಲ್ಲದಾದರೂ ಧ್ವನಿಗೆ ಪರಿಣಾಮ ಸೇರಿಸುವ ನಿಮ್ಮ ಪ್ಲಗಿನ್‌ಗಳನ್ನು ಒಯ್ಯುವುದಿಲ್ಲ. ಹೀಗಾಗಿ ಬಿಟ್ಟುಕೊಡಲಾಗದ ರಿವರ್ಬ್ (ಅನುರಣನದ ಪರಿಣಾಮ) ಏನಾದರೂ ಇದ್ದರೆ, ಅದನ್ನು ಬೆರೆಸಿದ ಒಂದು ಪ್ರತಿಯನ್ನೂ ಬೆರೆಸದ ಒಂದು ಪ್ರತಿಯನ್ನೂ ಕೊಡುವುದು ಲೇಸು. ಹಾಡಿನ ನಡುವೆ ಲಯ ಬದಲಾಗುವುದಾದರೆ ಟೆಂಪೋವನ್ನು (ಹಾಡಿನ ವೇಗವನ್ನು) ಧ್ವನಿಯ ಬದಲು ಸಂಗೀತದ ಸೂಚನೆಗಳಷ್ಟೇ ಇರುವ ಮಿಡಿ ಫೈಲಿನಲ್ಲಿ ಪ್ರತ್ಯೇಕವಾಗಿ ಕಳುಹಿಸಿ. ಫೈಲುಗಳಿಗೆ ‘ಆಡಿಯೋ 07’ ಎಂದು ಬಿಡದೆ, ‘ತಬಲಾ ಎಡ’ ಎಂಬಂತಹ ಹೆಸರಿಡಿ.