ಸಾಲ ಅವಳ ಹೆಸರಲ್ಲಿ, ದುಡ್ಡು ಯಾರ ಕೈಯಲ್ಲಿ?

ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ಹೆಂಗಸರಿಗೆ ಸಣ್ಣ ಸಾಲ ಕೊಟ್ಟರೆ ಬಡತನ ಕಡಿಮೆಯಾಗುತ್ತೆ, ಮನೆಯಲ್ಲಿ ಅವರ ಮಾತಿಗೂ ಬೆಲೆ ಬರುತ್ತೆ ಅಂತಾರಲ್ಲ, ನಿಜವಾ ಅಂತ ಕೇಳಿದ್ದೀರಿ. ಅಷ್ಟು ಸಲೀಸಲ್ಲ. ನಾನೂ ಬಹಳ ದಿನ ಅದನ್ನೇ ನಂಬಿದ್ದೆ. ಸಾಲ ಸಿಕ್ಕರೆ ವ್ಯಾಪಾರ, ವ್ಯಾಪಾರದಿಂದ ಲಾಭ, ಲಾಭ ಬಂದರೆ ಮರ್ಯಾದೆ ಅನ್ನುವ ನೇರ ಲೆಕ್ಕ.

ಈ ಲೆಕ್ಕ ಜನಪ್ರಿಯವಾಗಿದ್ದು ಬಾಂಗ್ಲಾದೇಶದಿಂದ. 1976ರಲ್ಲಿ ಅಲ್ಲಿನ ಅರ್ಥಶಾಸ್ತ್ರ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಜೋಬ್ರಾ ಅನ್ನುವ ಹಳ್ಳಿಯಲ್ಲಿ 42 ಜನರಿಗೆ ಒಟ್ಟು 27 ಡಾಲರ್ ಕೈಸಾಲ ಕೊಟ್ಟರು. 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಸಾಲ ಪಡೆದವರಲ್ಲಿ ಹೆಚ್ಚೂಕಡಿಮೆ ಎಲ್ಲರೂ ಹೆಂಗಸರೇ. ಅಡ ಇಡಲು ಏನೂ ಇಲ್ಲದವರಿಗೂ ಸಾಲ ಕೊಡಬಹುದು, ಅವರು ತೀರಿಸುತ್ತಾರೆ ಅಂತ ತೋರಿಸಿದ್ದು ಸಣ್ಣ ವಿಷಯವಲ್ಲ.

ಆದರೆ 1996ರಲ್ಲೇ ಆನ್ ಮೇರಿ ಗೋಟ್ಸ್ ಮತ್ತು ರೀನಾ ಸೇನ್ ಗುಪ್ತ ಅನ್ನುವ ಸಂಶೋಧಕಿಯರು ಅದೇ ದೇಶದಲ್ಲಿ ಒಂದು ಸರಳ ಪ್ರಶ್ನೆ ಕೇಳಿದ್ದರು: ಈ ದುಡ್ಡನ್ನು ಬಳಸುತ್ತಿರುವುದು ಯಾರು? ಬಹಳಷ್ಟು ಮನೆಗಳಲ್ಲಿ ಹಿಡಿತ ಗಂಡಸರದ್ದು, ಕಂತು ಕಟ್ಟುವ ತಲೆನೋವು ಮಾತ್ರ ಅವಳದ್ದು. ಆಮೇಲೆ 2015ರಲ್ಲಿ ಭಾರತ, ಇಥಿಯೋಪಿಯಾ, ಮೆಕ್ಸಿಕೊ, ಮೊರಾಕೊ, ಮಂಗೋಲಿಯಾ, ಬೋಸ್ನಿಯಾ ಈ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಬಂದವು. ಕಿರುಸಾಲದಿಂದ ಸ್ವಲ್ಪ ಅನುಕೂಲ ಆಗಿತ್ತು, ಬದುಕೇ ಬದಲಾಗುವಷ್ಟಲ್ಲ. ಹೆಂಗಸರ ಸ್ಥಾನವೂ ಹೆಚ್ಚೇನು ಬದಲಾಗಿರಲಿಲ್ಲ.

ನನ್ನ ಅಭಿಪ್ರಾಯ ಪೂರ್ತಿ ತಿರುಗಿದ್ದು ಶ್ರೀಲಂಕಾದ ಒಂದು ಪ್ರಯೋಗ ಓದಿದ ಮೇಲೆ. ಅಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಾಲವಲ್ಲ, ಸುಮ್ನೆ ಬಂಡವಾಳವನ್ನೇ ಕೊಟ್ಟರು. ಗಂಡಸರ ಲಾಭ ಏರಿತು, ಹೆಂಗಸರದ್ದು ಏರಲಿಲ್ಲ. ಹಾಗಾದರೆ ಹೆಂಗಸರಿಗೆ ವ್ಯಾಪಾರ ಬರಲ್ಲ ಅಂತ ಹೇಳಿಬಿಡುವುದು ಸುಲಭ ಅಲ್ವಾ? ಕೆಲವು ವರ್ಷಗಳ ನಂತರ ಬೇರೆ ಸಂಶೋಧಕರು ಶ್ರೀಲಂಕಾ, ಭಾರತ, ಘಾನಾದ ಇಂಥ ಅಂಕಿಗಳನ್ನೇ ಮನೆಮನೆಯ ಲೆಕ್ಕದಲ್ಲಿ ಮತ್ತೆ ನೋಡಿದರು. ಮನೆಯಲ್ಲಿ ಗಂಡನದ್ದೂ ಒಂದು ವ್ಯಾಪಾರ ಇದ್ದರೆ ಅವಳಿಗೆ ಬಂದ ದುಡ್ಡು ಅಲ್ಲಿಗೆ ಹರಿದುಹೋಗುತ್ತಿತ್ತು. ಅವಳದ್ದೊಂದೇ ವ್ಯಾಪಾರ ಇರುವ ಮನೆಗಳಲ್ಲಿ ಅವಳ ಲಾಭವೂ ಗಂಡಸರಷ್ಟೇ ಏರಿತ್ತು. ಕೊರತೆ ಜಾಣತನದ್ದಲ್ಲ.

ಹಾಗಾಗಿ ಈಗ ನಾನು ಸಾಲಕ್ಕಿಂತ ಜಾಸ್ತಿ ಗಮನ ಕೊಡುವುದು ಖಾತೆಗೆ. ಪಶ್ಚಿಮ ಕೀನ್ಯಾದ ಸಂತೆಗಳಲ್ಲಿ ವ್ಯಾಪಾರ ಮಾಡುವ ಹೆಂಗಸರಿಗೆ ಒಂದು ಉಳಿತಾಯ ಖಾತೆ ತೆರೆದುಕೊಟ್ಟಿದ್ದರು. ಬಡ್ಡಿ ಇಲ್ಲ, ದುಡ್ಡು ತೆಗೆದರೆ ಶುಲ್ಕ ಬೇರೆ. ಇಂಥದ್ದು ಯಾರಿಗೆ ಬೇಕು ಅನಿಸುತ್ತೆ. ಅವರು ಬಳಸಿದರು, ವ್ಯಾಪಾರಕ್ಕೆ ಹಾಕುವ ಬಂಡವಾಳವೂ ಏರಿತು. ಮನೆಯಲ್ಲಿಟ್ಟ ದುಡ್ಡಿಗೆ ಹತ್ತು ಕೈ ಚಾಚುತ್ತವೆ, ಖಾತೆಯಲ್ಲಿಟ್ಟದ್ದು ಕಣ್ಣಿಗೆ ಬೀಳಲ್ಲ. ಉಗಾಂಡಾದಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತು. ಸುಮಾರು 3,000 ಸಾಲಗಾರ್ತಿಯರಲ್ಲಿ ಕೆಲವರಿಗೆ ಸಾಲವನ್ನು ನಗದಾಗಿ ಕೊಡುವ ಬದಲು ಅವರದೇ ಮೊಬೈಲ್ ಖಾತೆಗೆ ಹಾಕಿದರು. ಸಾಲದ ಷರತ್ತುಗಳು ಬದಲಾಗಲಿಲ್ಲ. ಎಂಟು ತಿಂಗಳ ನಂತರ ಇವರ ಲಾಭ ನಗದು ಪಡೆದವರಿಗಿಂತ ಶೇ. 15ರಷ್ಟು ಹೆಚ್ಚಿತ್ತು.

ಸಮಾನತೆಯ ವಿಷಯಕ್ಕೆ ಬಂದರೆ ಮಧ್ಯಪ್ರದೇಶದ ಉದಾಹರಣೆ ನೋಡಿ. ಉದ್ಯೋಗ ಖಾತ್ರಿ ಕೂಲಿ ಅವಳದೇ ಖಾತೆಗೆ ಬೀಳುವ ಹಾಗೆ ಮಾಡಿ, ಖಾತೆ ಬಳಸುವುದನ್ನೂ ಹೇಳಿಕೊಟ್ಟರು. ಕೆಲಸಕ್ಕೆ ಹೋಗುವವರು ಹೆಚ್ಚಾದರು, ಹೆಂಗಸು ಹೊರಗೆ ದುಡಿಯುವುದು ತಪ್ಪಲ್ಲ ಅನ್ನುವ ಭಾವನೆಯೂ ಬೆಳೆಯಿತು. ಸಾಲ ಒಂದು ರೂಪಾಯಿಯೂ ಇರಲಿಲ್ಲ ಇದರಲ್ಲಿ.

ಇನ್ನು ತೀರಾ ಬಡವರಿಗೆ ಸಾಲವೇ ಸರಿಯಾದ ಮದ್ದಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಿಂದ ಅಂಥವರಿಗೆ ಮೊದಲು ಹಸುವೋ ಮೇಕೆಯೋ ಉಚಿತವಾಗಿ ಕೊಟ್ಟು, ಸ್ವಲ್ಪ ಕಾಲ ಖರ್ಚಿಗೂ ಕೊಟ್ಟು, ಮಧ್ಯೆ ಮಧ್ಯೆ ಬಂದು ನೋಡಿಕೊಂಡು ಹೋಗುವ ದಾರಿ ಹಿಡಿಯಿತು. ಬೇರೆ ದೇಶಗಳಲ್ಲೂ ಇದು ಫಲ ಕೊಟ್ಟಿದೆ. ದುಬಾರಿ, ಅದು ಬೇರೆ ಮಾತು.

ನೀವು ಇಂಥ ಯಾವುದಾದರೂ ಯೋಜನೆಗೆ ದುಡ್ಡು ಕೊಡುವ ಯೋಚನೆಯಲ್ಲಿದ್ದರೆ, ಎಷ್ಟು ಹೆಂಗಸರಿಗೆ ಸಾಲ ಕೊಟ್ಟಿದ್ದೀರಿ ಅಂತ ಕೇಳಬೇಡಿ. ಆ ಅಂಕಿ ಎಲ್ಲರ ಹತ್ತಿರವೂ ಇರುತ್ತೆ. ದುಡ್ಡು ಯಾರ ಖಾತೆಗೆ ಬೀಳುತ್ತೆ, ಅದರಲ್ಲಿ ಎಷ್ಟಿದೆ ಅಂತ ಅವಳಲ್ಲದೆ ಇನ್ಯಾರಿಗೆ ಕಾಣುತ್ತೆ ಅಂತ ಕೇಳಿ. ಮೊದಲ ಕಂತು ಯಾವಾಗ ಅಂತಲೂ ಕೇಳಿ. ಕೋಲ್ಕತ್ತಾದಲ್ಲಿ ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಕೊಟ್ಟಾಗ ಹೆಂಗಸರು ವ್ಯಾಪಾರಕ್ಕೆ ಹೆಚ್ಚು ಬಂಡವಾಳ ಹಾಕಿದರು, ಲಾಭವೂ ಏರಿತು. ಸಾಲ ಬಾಕಿ ಉಳಿಸಿಕೊಂಡವರೂ ಹೆಚ್ಚಾದರು. ಅದಕ್ಕೇ ಈ ಪ್ರಶ್ನೆ ಸಾಲ ಕೊಡುವವರಿಗೆ ಅಷ್ಟು ಇಷ್ಟ ಆಗಲ್ಲ.