ಬಿದ್ದ ಹಾರ್ಡ್ ಡಿಸ್ಕನ್ನು ಫ್ರೀಜರ್‌ನಲ್ಲಿ ಇಡಬಹುದಾ?

ಪ್ರಶ್ನೆ: ನಮ್ಮ ತಂದೆ ಮುಂಬಯಿಯ ಯಕ್ಷಗಾನ ಆಟಗಳಲ್ಲಿ ವೇಷ ಹಾಕುತ್ತಿದ್ದರು. ಅವರ ವಿಡಿಯೋಗಳೆಲ್ಲ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಮೊನ್ನೆ ಅದು ಓಡುತ್ತಿರುವಾಗಲೇ ಮೇಜಿನಿಂದ ಬಿತ್ತು. ಈಗ ಸಿಕ್ಕಿಸಿದರೆ ಬರೀ ಟಿಕ್ ಟಿಕ್ ಸದ್ದು. ಪಕ್ಕದ ಮನೆಯವರು ಒಂದು ರಾತ್ರಿ ಫ್ರೀಜರ್‌ನಲ್ಲಿಡಿ, ಸರಿಹೋಗುತ್ತೆ ಅಂತಾರೆ. ಇಡಲಾ?
— ಡೊಂಬಿವಲಿಯ ಓದುಗರು

ಉತ್ತರ: ಬೇಡ. ಮೊದಲು, ಡಿಸ್ಕ್ ಇನ್ನೂ ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಇದ್ದರೆ ತೆಗೆದುಬಿಡಿ, 'ಇನ್ನೊಂದು ಸಲ ನೋಡೋಣ' ಅಂತ ಮತ್ತೆ ಹಾಕಲೇಬೇಡಿ.

ಆ ಪೆಟ್ಟಿಗೆಯೊಳಗೆ ಕನ್ನಡಿಯಂತೆ ಹೊಳೆಯುವ ದುಂಡನೆಯ ತಟ್ಟೆಗಳಿವೆ. ನಿಮ್ಮಂಥ ಪುಟ್ಟ ಡಿಸ್ಕಿನಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಸಲ ಸುತ್ತುತ್ತವೆ, ಅಂದರೆ ಸೆಕೆಂಡಿಗೆ 90 ಸುತ್ತು. ತಟ್ಟೆಯ ಮೇಲಿನ ಕಾಂತೀಯ ಗುರುತುಗಳನ್ನು ಓದುವ ಹೆಡ್ ಒಂದು ತೋಳಿನ ತುದಿಯಲ್ಲಿರುತ್ತದೆ. ಅದು ತಟ್ಟೆಯನ್ನು ಮುಟ್ಟುವುದಿಲ್ಲ, ತಟ್ಟೆ ತಿರುಗುವಾಗ ಜೊತೆಗೆ ಎಳೆದುಕೊಂಡು ಬರುವ ಗಾಳಿಯ ಮೇಲೆ ತೇಲುತ್ತದೆ. ನಡುವಿನ ಸಂದು ಕೆಲವೇ ನ್ಯಾನೋಮೀಟರ್. ನಮ್ಮ ಒಂದು ಕೂದಲಿನ ದಪ್ಪ ಸುಮಾರು 70 ಸಾವಿರ ನ್ಯಾನೋಮೀಟರ್ ಅಂದರೆ ಲೆಕ್ಕ ಹಾಕಿ! (ಒಳಗೆ ಗಾಳಿಯೇ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗಾಳಿ ಬೇಕೇ ಬೇಕು. ಅದಕ್ಕೇ ಫಿಲ್ಟರ್ ಇರುವ ಒಂದು ಸಣ್ಣ ತೂತನ್ನೂ ಬಿಟ್ಟಿರುತ್ತಾರೆ. ಈಚೆಗೆ ದೊಡ್ಡ ಡಿಸ್ಕುಗಳಲ್ಲಿ ಗಾಳಿಯ ಬದಲು ಹೀಲಿಯಂ ತುಂಬಿ ಪೂರ್ತಿ ಮುಚ್ಚುವುದುಂಟು.)

ಓಡುವಾಗ ಬಿದ್ದರೆ ಈ ಹೆಡ್ ತಟ್ಟೆಗೆ ಬಡಿಯುತ್ತದೆ, ಬಾಗಬಹುದು, ಮುರಿಯಲೂಬಹುದು. ತಟ್ಟೆಯ ಮೇಲೆ 'ನೀನೀಗ ಇಲ್ಲಿದ್ದೀಯ' ಅಂತ ಹೇಳುವ ಗುರುತುಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಕೆಟ್ಟ ಹೆಡ್‌ಗೆ ಅವು ಕಾಣುವುದಿಲ್ಲ. ಅದು ಹುಡುಕುತ್ತದೆ, ಸಿಗದೆ ಹಿಂದಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ. ನಿಮಗೆ ಕೇಳುವ ಟಿಕ್ ಟಿಕ್ ಬಹುಮಟ್ಟಿಗೆ ಅದೇ. ಪ್ರತಿ ಟಿಕ್‌ಗೂ ತಟ್ಟೆ ಇನ್ನಷ್ಟು ಕೆರೆದುಹೋಗುವ ಭಯ ಇದೆ, ಕೆರೆದುಹೋದ ಜಾಗದ ವಿಡಿಯೋವನ್ನು ಯಾರೂ ವಾಪಸ್ ತರಲಾರರು.

ಇನ್ನು ಫ್ರೀಜರ್. ನಮ್ಮ ಮುಂಬಯಿಯ ಸೆಕೆಯಲ್ಲಿ ತಣ್ಣನೆಯ ಮಜ್ಜಿಗೆ ಲೋಟ ಹೊರಗಿಟ್ಟರೆ ಎರಡು ನಿಮಿಷಕ್ಕೆ ಮೈಯೆಲ್ಲ ನೀರು ಅಲ್ವಾ? ಡಿಸ್ಕಿಗೂ ಅದೇ ಗತಿ. ತಟ್ಟೆಯ ಮೇಲೆ ಒಂದು ಹನಿ ಕೂತರೂ ಮುಗೀತು.

ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಒಯ್ಯುವುದಾದರೆ ಒಯ್ಯಿರಿ, ಆದರೆ ಕೊಡುವ ಮುಂಚೆ ಎರಡು ಮಾತು ಕೇಳಿ: ಧೂಳಿಲ್ಲದ ಕ್ಲೀನ್ ರೂಮ್ ಇದೆಯಾ, ಎಷ್ಟಾಗುತ್ತೆ ಅಂತ ಬಿಚ್ಚುವ ಮೊದಲೇ ಹೇಳುತ್ತೀರಾ? ಅಂಗಡಿಯ ಕೌಂಟರ್ ಮೇಲೇ ಸ್ಕ್ರೂ ಬಿಚ್ಚಲು ಹೊರಟರೆ ಡಿಸ್ಕ್ ಕೈಗೆ ತೆಗೆದುಕೊಂಡು ಬಂದುಬಿಡಿ. ನಾನು ಒಮ್ಮೆ ಸುಮ್ಮನೆ ನೋಡುತ್ತಾ ನಿಂತಿದ್ದೆ, ನನ್ನ ಡಿಸ್ಕ್ ಹೋಗಿದ್ದೇ ಹಾಗೆ. ಸರಿಯಾಗಿ ಮಾಡುವವರು ಅದೇ ಮಾಡೆಲಿನ ಇನ್ನೊಂದು ಡಿಸ್ಕ್ ಹುಡುಕಿ, ಅದರ ಹೆಡ್ ತೆಗೆದು ನಿಮ್ಮದಕ್ಕೆ ಕೂರಿಸಬೇಕಾಗಬಹುದು. ದುಡ್ಡು ಜಾಸ್ತಿ ಆಗುವುದು ಅದಕ್ಕೇ.

ಪ್ರಶ್ನೆ: 1 ಟಿಬಿ ಡಿಸ್ಕ್ ಕೊಂಡೆ. ಕಂಪ್ಯೂಟರ್ 931 ಜಿಬಿ ಅನ್ನುತ್ತದೆ. ಅಂಗಡಿಯವನು ಮೋಸ ಮಾಡಿದನಾ?
— ಪುಣೆ, ಕೋಥ್ರೂಡ್‌ನಿಂದ

ಉತ್ತರ: ಇಲ್ಲ, ಅವನನ್ನು ಬೈಯಬೇಡಿ. ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ, ಹೀಗೆ ಪ್ರತಿ ಮೆಟ್ಟಿಲಿಗೂ ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ದೂರ ಅಷ್ಟೇ ಇದ್ದರೂ ಮೈಲಿಯಲ್ಲಿ ಹೇಳಿದರೆ ಸಂಖ್ಯೆ ಚಿಕ್ಕದಾಗುತ್ತಲ್ಲ, ಹಾಗೆ. ಅಂದಹಾಗೆ 1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು, ತೂಕ ಸುಮಾರು ಒಂದು ಟನ್. ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ನಿಮ್ಮ ಮೊಬೈಲಿನ ಒಂದು ಒಳ್ಳೆಯ ಫೋಟೋ ಅದರಲ್ಲಿ ಕೂರುವುದೂ ಅನುಮಾನ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಮಾರಬೇಕು. ಎಲ್ಲ ಡಿಲೀಟ್ ಮಾಡಿ ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದೇನೆ. ಸಾಕಲ್ಲ?
— ಗೋವಾ, ವಾಸ್ಕೋದಿಂದ

ಉತ್ತರ: ಸಾಲದು. ಬಿಲ್ಡಿಂಗಿನ ಕೆಳಗೆ ಹೆಸರುಗಳ ಬೋರ್ಡು ಇರುತ್ತಲ್ಲ, ಅದರಿಂದ ನಿಮ್ಮ ಹೆಸರು ಅಳಿಸಿದ ಮಾತ್ರಕ್ಕೆ ನೀವು ಮನೆ ಖಾಲಿ ಮಾಡಿದ ಹಾಗಾಯಿತೇ? ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಅಂದರೆ ಬೋರ್ಡಿನ ಹೆಸರು ಅಳಿಸುವುದು ಅಷ್ಟೇ. ಆ ಜಾಗಕ್ಕೆ ಹೊಸದು ಬರೆಯುವ ತನಕ ಹಳೆಯ ಫೈಲ್ ಅಲ್ಲೇ ಕೂತಿರುತ್ತದೆ, ಹುಡುಕುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಕಥೆ ಇದೇ. ಮಾರುವ ಮುಂಚೆ ವಿಂಡೋಸ್‌ನ ರೀಸೆಟ್‌ಗೆ ಹೋಗಿ, ಡ್ರೈವ್ ಪೂರ್ತಿ ಕ್ಲೀನ್ ಮಾಡುವ ಆಯ್ಕೆ ಒತ್ತಿ. ಗಂಟೆಗಟ್ಟಲೆ ಹಿಡಿಯುತ್ತದೆ, ಚಾರ್ಜರ್ ಹಾಕಿಟ್ಟು ಮಲಗಿ.

ಪ್ರಶ್ನೆ: ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕಿನ ಬದಲು ಈಗ ಬಳಸುವ, ಚಿಪ್‌ಗಳಲ್ಲಿ ಫೈಲ್ ಇಡುವ ಡ್ರೈವ್) ತಿರುಗುವ ತಟ್ಟೆಯೇ ಇಲ್ಲವಲ್ಲ. ಮದುವೆ ಫೋಟೋ ಹಾಕಿ ಬೀರುವಿನಲ್ಲಿಟ್ಟರೆ ಚಿಂತೆಯಿಲ್ಲ ತಾನೇ?
— ಮಾಟುಂಗಾದಿಂದ

ಉತ್ತರ: ಬಿದ್ದರೆ ಚಿಂತೆ ಕಡಿಮೆ, ಹೌದು. ಆದರೆ ಎಸ್‌ಎಸ್‌ಡಿ ನೆನಪಿಡುವುದು ಪುಟ್ಟ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುತ್ತಿನಿಂದ. ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದಿದ್ದರೆ ಅದು ಮೆಲ್ಲಗೆ ಸೋರಿಹೋಗಬಹುದು, ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ. ಗಣಪತಿ ಹಬ್ಬಕ್ಕೊಮ್ಮೆ, ಯುಗಾದಿಗೊಮ್ಮೆ ಹೊರತೆಗೆದು ಕಂಪ್ಯೂಟರಿಗೆ ಸಿಕ್ಕಿಸಿ ಎಲ್ಲ ಫೋಟೋ ತೆರೆಯುತ್ತವಾ ನೋಡಿ. ಇನ್ನೊಂದು ಕಾಪಿ ಊರಿನ ಮನೆಯಲ್ಲಿಡಿ.