ಅಕ್ಕೋರಿಗೊಂದು ಪ್ರಶ್ನೆ: ಸರ್ಟಿಫಿಕೇಟ್ ಬಂತು, ಮುಂದೇನು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆನ್‌ಲೈನ್ ತರಬೇತಿಯ ಬಗ್ಗೆಯೇ. ದೀಕ್ಷಾ, ನಿಷ್ಠಾ, ವೆಬಿನಾರ್, ಲಿಂಕು, ಲಾಸ್ಟ್ ಡೇಟು. (ಗೊತ್ತಿಲ್ಲದವರಿಗೆ: ನಿಷ್ಠಾ ಅಂದರೆ ಕೇಂದ್ರ ಸರ್ಕಾರದ ಶಿಕ್ಷಕರ ತರಬೇತಿ, ದೀಕ್ಷಾ ಅಂದರೆ ಅದು ಸಿಗುವ ಸರ್ಕಾರಿ ಜಾಲತಾಣ, ಆ್ಯಪ್.) ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ‘ಹೆಸರು ಹಾಕಬೇಡಿ’ ಅಂದವರೇ ಜಾಸ್ತಿ. ಯಾಕೆ ಅಂತ ನನಗೂ ಗೊತ್ತು. ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಅಕ್ಕೋರೆ, ನಾನು ನಲಿಕಲಿ ಟೀಚರ್. ಒಂದರಿಂದ ಮೂರನೇ ತರಗತಿ ಒಂದೇ ಕೋಣೆಯಲ್ಲಿ, ಕಾರ್ಡು ಹಿಡಿದು ಆಡುತ್ತಾ ಕಲಿಯುವ ಪದ್ಧತಿ. ಬಂದ ನಿಷ್ಠಾ ಕೋರ್ಸುಗಳನ್ನೆಲ್ಲ ಮುಗಿಸಿ, ಸರ್ಟಿಫಿಕೇಟಿನ ಪ್ರಿಂಟ್ ತೆಗೆದು ಫೈಲ್ ಮಾಡಿಟ್ಟಿದ್ದೇನೆ. ಮೊನ್ನೆ ನನ್ನ ಮಗ, ‘ಅಮ್ಮಾ, ಇದರಿಂದ ನಿನ್ನ ಕ್ಲಾಸಲ್ಲಿ ಏನು ಬದಲಾಯ್ತು?’ ಅಂದ. ಏನು ಹೇಳಬೇಕೋ ತಿಳಿಯಲಿಲ್ಲ. ತಪ್ಪು ನನ್ನದೋ, ತರಬೇತಿಯದೋ?
— ಶಿಕ್ಷಕಿ, ಸಿಂದಗಿ ತಾಲ್ಲೂಕು

ಮಗ ಚುರುಕಾಗಿದ್ದಾನೆ. ತಪ್ಪು ಯಾರದು ಅನ್ನೋದು ಆಮೇಲಿರಲಿ ತಂಗಿ. ಈ ತರಬೇತಿ ಹೀಗೇಕಿದೆ ಅನ್ನೋದನ್ನು ಮೊದಲು ನೋಡೋಣ.

ನಿಷ್ಠಾ ಶುರುವಾದದ್ದು 2019ರ ಆಗಸ್ಟ್‌ನಲ್ಲಿ. ಆಗ ಅದು ಎದುರುಬದುರು ಕೂತು ಕಲಿಯುವ ತರಬೇತಿ. ದೇಶದ ಸುಮಾರು 42 ಲಕ್ಷ ಶಿಕ್ಷಕರನ್ನು ಮುಟ್ಟಬೇಕು ಅನ್ನುವ ಗುರಿಯಿತ್ತು. ಕೊರೊನಾ ಬಂತು, ಶಾಲೆ ಮುಚ್ಚಿತು. 2020ರ ಅಕ್ಟೋಬರ್‌ನಲ್ಲಿ ಅದೇ ತರಬೇತಿ 18 ಕೋರ್ಸುಗಳಾಗಿ ದೀಕ್ಷಾಕ್ಕೆ ಬಂತು. ಆಮೇಲೆ ನಿಮ್ಮಂಥ ಚಿಕ್ಕ ತರಗತಿಯವರಿಗೆ ಅಂತಲೇ ಬುನಾದಿ ಓದು-ಬರಹ, ಲೆಕ್ಕದ 12 ಕೋರ್ಸು ಬಂದವು. ಲಕ್ಷಾಂತರ ಜನ ಒಂದೇ ವಿಡಿಯೊ ನೋಡಬೇಕು ಅಂದರೆ ಅದು ಎಲ್ಲರಿಗೂ ಒಪ್ಪುವ ಮಾತನ್ನೇ ಆಡಬೇಕಾಗುತ್ತದೆ. ನಿಮ್ಮ ಕೋಣೆಯಲ್ಲಿ ಮೂರು ತರಗತಿ ಇವೆ, ಐದು ತಟ್ಟೆಯ, ಅಂದರೆ ಐದು ಕಲಿಕಾ ಗುಂಪಿನ, ಮಕ್ಕಳು ಐದು ಕಡೆ ಕೂತಿದ್ದಾರೆ, ಸುಗ್ಗಿ ಬಂದರೆ ಅರ್ಧ ಮಕ್ಕಳು ಅಪ್ಪ-ಅಮ್ಮನ ಜೊತೆ ಗುಳೆ ಹೋಗುತ್ತಾರೆ. ಇದು ಆ ವಿಡಿಯೊಗೆ ಗೊತ್ತಿಲ್ಲ.

ಹಾಗಂತ ಹಳೆಯ ತರಬೇತಿಯೇ ಬಂಗಾರ ಅಂತ ನಾನು ಹೇಳಲಾರೆ. ವರ್ಷಗಟ್ಟಲೆ ನಾನೇ ತರಬೇತಿ ಕೊಟ್ಟವಳು, ಒಳಗಿನ ಕಥೆ ಗೊತ್ತು. ರಾಜ್ಯದಲ್ಲಿ ಕಲಿತವರು ಜಿಲ್ಲೆಗೆ ಹೇಳುತ್ತಿದ್ದರು, ಜಿಲ್ಲೆಯವರು ಬ್ಲಾಕಿಗೆ, ಬ್ಲಾಕಿನವರು ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ. ಮಜ್ಜಿಗೆಗೆ ನೀರು ಬೆರೆಸುತ್ತಾ ಹೋದ ಹಾಗೆ. ಕೊನೆಯ ಹಳ್ಳಿಯ ಟೀಚರಿಗೆ ಸಿಗುತ್ತಿದ್ದದ್ದು ಬಿಳಿ ಬಣ್ಣ ಮಾತ್ರ. ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಎಜುಸ್ಯಾಟ್ ಉಪಗ್ರಹದಿಂದ ಪಾಠ ಕಳಿಸಿದ ಕಾಲದಿಂದಲೂ ಆಸೆ ಒಂದೇ: ನಡುವೆ ಯಾರೂ ಇಲ್ಲದೆ ಒಳ್ಳೆಯ ಪಾಠ ನೇರವಾಗಿ ಊರು ಮುಟ್ಟಲಿ ಅಂತ. ಆ ಮಟ್ಟಿಗೆ ದೀಕ್ಷಾ ಗೆದ್ದಿದೆ. ಬೀದರಿನವರೂ ಕೊಳ್ಳೇಗಾಲದವರೂ ಒಂದೇ ಪಾಠ ನೋಡುತ್ತಾರೆ.

ಆದರೆ ಹಳೆಯ ತರಬೇತಿಯಲ್ಲಿ ಒಂದು ಹೊತ್ತು ಇರುತ್ತಿತ್ತಲ್ಲ, ಮಧ್ಯಾಹ್ನದ ಊಟದ ಹೊತ್ತು. ‘ನಿನ್ನ ಶಾಲೇಲಿ ಕಳೆಯೋ ಲೆಕ್ಕ ಹೇಗೆ ಹೇಳ್ತೀಯ?’ ಅಂತ ಪಕ್ಕದವಳನ್ನು ಕೇಳುವ ಹೊತ್ತು. ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ ಅರ್ಧ ಕಲಿಕೆ ಅಲ್ಲೇ ಆಗುತ್ತಿತ್ತು. ಆನ್‌ಲೈನ್‌ನಲ್ಲಿ ಅದಿಲ್ಲ. ಅದನ್ನು ನೀವೇ ಕಟ್ಟಿಕೊಳ್ಳಬೇಕು.

ಮುಂದಿನ ಕೋರ್ಸು ಬಂದಾಗ ಒಂದು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ. ಬರೀ ಒಂದು. ನಿಮ್ಮ ಮೂರನೇ ತರಗತಿಯಲ್ಲಿ 42ರಲ್ಲಿ 17 ಕಳೆ ಅಂದರೆ 35 ಅಂತ ಬರೆಯುವ ಮಗು ಇದ್ದೇ ಇರುತ್ತದೆ. ಎಲ್ಲ ಶಾಲೆಯಲ್ಲೂ ಇದೆ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಮುಂದೆ ಹೋಗಬೇಡಿ. ಪಕ್ಕ ಕೂರಿಸಿಕೊಂಡು ‘ಹೇಗೆ ಮಾಡಿದೆ, ಹೇಳು’ ಅನ್ನಿ. ‘ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು’ ಅನ್ನುತ್ತದೆ. ನೋಡಿ, ಮಗುವಿಗೆ ಕಳೆಯಲು ಬರುತ್ತದೆ! ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿದೆ. 42 ಅನ್ನೋದು ಒಂದೇ ಗುಂಪು ಅಂತ ಅದಕ್ಕೆ ಕಂಡಿಲ್ಲ. ನಾಲ್ಕು ಬೇರೆ, ಎರಡು ಬೇರೆ ಅಂತ ನೋಡುತ್ತಿದೆ. ಈಗ ಕಡ್ಡಿ ಕೊಡಿ. ಹತ್ತತ್ತರ ನಾಲ್ಕು ಕಟ್ಟು, ಬಿಡಿ ಎರಡು. ‘ಹದಿನೇಳು ಕಡ್ಡಿ ನನಗೆ ಕೊಡು’ ಅನ್ನಿ. ಮಗು ಬಿಡಿ ಎರಡನ್ನು ಕೊಟ್ಟು ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ತಾನಾಗಿ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ನೀವು ಬಾಯಿ ಬಿಡಬೇಡಿ, ಅಷ್ಟೇ.

ಇಷ್ಟನ್ನು ಮಾಡಿ, ಆ ರಾತ್ರಿ ಸ್ಥಾನಬೆಲೆಯ ಕೋರ್ಸು ಹಾಕಿ ನೋಡಿ. ಅಲ್ಲಿ ಹೇಳುವ ಮಾತು ನಿಮ್ಮ ಮಗುವಿನ ಬಗ್ಗೆಯೇ ಅನ್ನಿಸುತ್ತದೆ. ಕೆಲವು ಮಾತು ಸುಳ್ಳು ಅಂತಲೂ ಅನ್ನಿಸಬಹುದು. ಅನ್ನಿಸಲಿ, ಬರೆದಿಟ್ಟುಕೊಳ್ಳಿ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಐದು ನಿಮಿಷ ಕೇಳಿ ತೆಗೆದುಕೊಂಡು ಆ 35ರ ಕಥೆ ಹೇಳಿ. ಅಷ್ಟು ಹೊತ್ತಿಗೆ ಇನ್ನೊಬ್ಬರ ಹತ್ತಿರ 53ರ ಕಥೆ ಇರುತ್ತದೆ.

ನಲಿಕಲಿ ಹುಟ್ಟಿದ್ದೂ ಹೀಗೇ ಅಲ್ವಾ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದು ಶುರುವಾದಾಗ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದರು. ಬಂದು ಸುಮ್ನೆ ವರದಿ ಬರೆದು ಕೂರಲಿಲ್ಲ. ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ಕೂತು ತಾವೇ ಮಾಡಿದರು. ನೀವು ದಿನಾ ಕೈಯಲ್ಲಿ ಹಿಡಿಯುವ ಕಾರ್ಡಿಗೆ ಅಂಥ ಹಿನ್ನೆಲೆಯಿದೆ.

ಮೇಡಂ, ಕೋರ್ಸು ಓಪನ್ ಆಗೋದೇ ತಡ, ವಾಟ್ಸಾಪಿನಲ್ಲಿ ಉತ್ತರಗಳ ಪಿಡಿಎಫ್ ಬಂದುಬಿಡುತ್ತದೆ. ನೋಡಿಕೊಂಡು ಬರೆದರೆ ಅಷ್ಟು ದೊಡ್ಡ ತಪ್ಪಾ? ಎಲ್ಲರೂ ಹಾಗೇ ಮಾಡ್ತಾರೆ. ವಿಡಿಯೊ ಮ್ಯೂಟ್ ಮಾಡಿ ಪಕ್ಕಕ್ಕಿಟ್ಟರೂ ಪ್ರಗತಿ ನೂರಾಗುತ್ತೆ.
— ಶಿಕ್ಷಕ, ಹಾವೇರಿ ಜಿಲ್ಲೆ

ಮೇಷ್ಟ್ರೆ, ಇದೇ ಪ್ರಶ್ನೆಯನ್ನು ನಿಮ್ಮ ಏಳನೇ ತರಗತಿಯ ಹುಡುಗ ಕೇಳಿದ್ದರೆ ಏನು ಹೇಳುತ್ತಿದ್ದಿರಿ? ಆ ಉತ್ತರ ನಿಮ್ಮ ಹತ್ತಿರವೇ ಇದೆ, ನಾನು ಹೇಳುವುದಿಲ್ಲ.

ಆದರೆ ನಿಮ್ಮನ್ನೊಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸಲೂ ನನಗೆ ಮನಸ್ಸಿಲ್ಲ. ಪಿಡಿಎಫ್ ಯಾಕೆ ಹುಟ್ಟಿತು? ಮೇಲಿನವರು ಕೇಳುವುದು ಎಷ್ಟು ಜನ ಮುಗಿಸಿದರು ಅನ್ನುವುದನ್ನು ಮಾತ್ರ. ಬಿಆರ್‌ಸಿಯಿಂದ (ಬ್ಲಾಕಿನ ಸಂಪನ್ಮೂಲ ಕೇಂದ್ರ) ಸಿಆರ್‌ಪಿಗೆ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಫೋನು, ಸಿಆರ್‌ಪಿಯಿಂದ ಗ್ರೂಪಿಗೆ ಕೆಂಪು ಅಕ್ಷರದ ಮೆಸೇಜು: ‘ಇಂದು ಸಂಜೆಯೊಳಗೆ’. ಪಾಪ, ಸಿಆರ್‌ಪಿಯ ಕೊರಳಿಗೂ ಅದೇ ಹಗ್ಗ. ಎಣಿಸುವುದು ಮುಗಿಸಿದವರನ್ನಾದರೆ ಜನ ಮುಗಿಸುತ್ತಾರೆ. ‘ಏನು ಮಾಡಿ ನೋಡಿದಿರಿ’ ಅಂತ ಒಂದು ಸಾಲು ಕೇಳಿದ್ದರೆ ಆ ಪಿಡಿಎಫ್‌ಗೆ ಬೆಲೆಯೇ ಇರುತ್ತಿರಲಿಲ್ಲ.

ನಿಷ್ಠಾದಲ್ಲಿ ಪಾಸಾಗಲು ಬೇಕಿರುವುದು 70 ಪರ್ಸೆಂಟ್, ಮೂರು ಅವಕಾಶ ಕೊಡುತ್ತಾರೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಅದು ಕಷ್ಟವೇನಲ್ಲ. ಮೊದಲ ಅವಕಾಶವನ್ನು ಸ್ವಂತ ತಲೆಯಿಂದ ಬರೆಯಿರಿ. ಎಲ್ಲಿ ತಪ್ಪಿತು ಅನ್ನುವುದು ಗೊತ್ತಾದರೆ ಆ ಭಾಗವನ್ನಷ್ಟೇ ನೋಡಿದರೆ ಸಾಕು. ಮ್ಯೂಟ್ ಮಾಡಿ ಓಡಿಸಿದರೆ ಡೇಟಾವೂ ಹೋಯಿತು, ಬ್ಯಾಟರಿಯೂ ಹೋಯಿತು. ಲಾಭ ಮೊಬೈಲ್ ಕಂಪನಿಗೆ.

ನಮ್ಮೂರಲ್ಲಿ ನೆಟ್‌ವರ್ಕ್ ಗುಡ್ಡದ ಮೇಲೆ ಹತ್ತಿದರೆ ಮಾತ್ರ. ಮಳೆಗಾಲದಲ್ಲಿ ಅದೂ ಇಲ್ಲ. ಪೂರ್ತಿ ನೋಡಿದ ಕೋರ್ಸು 60 ಪರ್ಸೆಂಟಿಗೇ ನಿಂತಿದೆ. ಇನ್ನೊಂದರ ಸರ್ಟಿಫಿಕೇಟ್ ಬಂದೇ ಇಲ್ಲ. ಏನು ಮಾಡಲಿ?
— ಶಿಕ್ಷಕಿ, ಹೊಸನಗರ ತಾಲ್ಲೂಕು

ತಾಲ್ಲೂಕು ಕೇಂದ್ರಕ್ಕೆ ಹೋದ ದಿನ ದೀಕ್ಷಾ ಆ್ಯಪ್‌ನಲ್ಲಿ ಪಾಠಗಳನ್ನು ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಬ್ರೌಸರಿನಲ್ಲಲ್ಲ, ಆ್ಯಪ್‌ನಲ್ಲಿ. ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು. ಜಾಗ ಸಾಲದಿದ್ದರೆ ವಾಟ್ಸಾಪಿನ ಗುಡ್ ಮಾರ್ನಿಂಗ್ ಚಿತ್ರಗಳನ್ನು ಮೊದಲು ಅಳಿಸಿ, ಜಾಗ ತಾನಾಗಿ ಸಿಗುತ್ತೆ. ನೀವು ನೋಡಿದ್ದು ಫೋನಿನಲ್ಲೇ ಉಳಿದಿರುತ್ತದೆ, ಮೇಲಕ್ಕೆ ಹೋಗಿರುವುದಿಲ್ಲ. 60ಕ್ಕೆ ನಿಲ್ಲುವುದು ಬಹಳ ಸಲ ಇದರಿಂದಲೇ. ಸಿಗ್ನಲ್ ಸಿಕ್ಕಾಗ ಕೋರ್ಸ್ ತೆರೆದು ‘ಸಿಂಕ್’ ಒತ್ತಿ. ಸಿಂಕ್ ಆಗುವ ಮುಂಚೆ ಆ್ಯಪ್ ತೆಗೆದುಹಾಕಿದರೆ ನೋಡಿದ್ದೆಲ್ಲ ನೀರಲ್ಲಿ ಮಾಡಿದ ಹೋಮ.

ಸರ್ಟಿಫಿಕೇಟ್ ವಿಷಯ: ನಿಮಗೆ ಎರಡು ಖಾತೆ ಇವೆಯಾ ನೋಡಿ. ಒಂದು ಸಲ ಮೊಬೈಲ್ ನಂಬರಿನಿಂದ, ಇನ್ನೊಂದು ಸಲ ಜಿಮೇಲ್‌ನಿಂದ ಒಳಗೆ ಹೋದವರಿಗೆ ಕೋರ್ಸು ಒಂದು ಕಡೆ, ಹುಡುಕಾಟ ಇನ್ನೊಂದು ಕಡೆ. ಖಾತೆಗಳನ್ನು ಕೂಡಿಸುವ ಸೌಲಭ್ಯ ಆ್ಯಪ್‌ನಲ್ಲೇ ಇದೆ. ಮುಗಿಸಿದ ಕೂಡಲೇ ಸರ್ಟಿಫಿಕೇಟ್ ಬರುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ಪ್ರೊಫೈಲಿನಲ್ಲಿ ಹೆಸರು ಸರಿಯಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ‘ಸುಮಾ ನ್ಯೂ ಫೋನ್’ ಅಂತ ಅಚ್ಚಾದ ಸರ್ಟಿಫಿಕೇಟ್ ನಾನೇ ಕಂಡಿದ್ದೇನೆ.

ನಾನು ಖಾಸಗಿ ಶಾಲೆಯ ಗಣಿತ ಟೀಚರ್. ವರ್ಷಕ್ಕೆ 50 ಗಂಟೆ ತರಬೇತಿ ತೋರಿಸಿ ಅನ್ನುತ್ತಾರೆ. ದುಡ್ಡು ಕೊಟ್ಟು ವೆಬಿನಾರ್ ಸರ್ಟಿಫಿಕೇಟ್ ತರಿಸುತ್ತಿದ್ದೇನೆ. ಬೇರೆ ದಾರಿ ಇದೆಯಾ?
— ಶಿಕ್ಷಕಿ, ದಾವಣಗೆರೆ

ದುಡ್ಡು ಕೊಡೋದನ್ನು ಇವತ್ತೇ ನಿಲ್ಲಿಸಿ. 50 ಗಂಟೆ ಅನ್ನುವ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಅದರ ಅರ್ಥ ಕಲಿಯಬೇಕು ಅಂತ, ಕೊಳ್ಳಬೇಕು ಅಂತಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ಗೂಗಲ್ ಫಾರ್ಮ್ ತುಂಬಿದವರಿಗೆಲ್ಲ ‘ರಾಷ್ಟ್ರಮಟ್ಟದ’ ಇ-ಸರ್ಟಿಫಿಕೇಟ್ ಹಂಚಿದರಲ್ಲ, ಆ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ.

ದೀಕ್ಷಾ ಸರ್ಕಾರಿ ಶಿಕ್ಷಕರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ, ಹಾಗೇನಿಲ್ಲ. 2017ರ ಶಿಕ್ಷಕರ ದಿನಾಚರಣೆಯಂದು ಶುರುವಾದ ಅದು ಎಲ್ಲರಿಗೂ ತೆರೆದಿದೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಜಾಲದಲ್ಲಿ ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಶಿಕ್ಷಕರಿಗಾಗಿಯೇ ಮಾಡಿದ ಟೆಸ್-ಇಂಡಿಯಾದ ಪಾಠಗಳು ಕನ್ನಡದಲ್ಲೇ ಇವೆ, ತರಗತಿಯ ವಿಡಿಯೊಗಳೂ ಇವೆ. ನೀವು ಗಣಿತದವರಾದ್ದರಿಂದ ಜಿಯೋಜಿಬ್ರಾ ಅನ್ನುವ ಗಣಿತದ ಆ್ಯಪ್ ಹಾಕಿಕೊಳ್ಳಿ, ಪುಕ್ಕಟೆ. ಒಂದು ತ್ರಿಭುಜ ಬರೆದು, ಮೂರು ಕೋನಗಳ ಅಳತೆ ತೋರಿಸಿ, ಒಂದು ಮೂಲೆ ಹಿಡಿದು ಎಳೆಯಿರಿ. ಕೋನಗಳು ಬದಲಾಗುತ್ತಲೇ ಇರುತ್ತವೆ, ಮೊತ್ತ ಮಾತ್ರ 180ರಿಂದ ಅಲ್ಲಾಡುವುದಿಲ್ಲ. ಹಿಂದಿನ ಬೆಂಚಿನ ಹುಡುಗರೂ ಎದ್ದು ಬಂದು ‘ಮಿಸ್, ನಾನು ಎಳೀತೀನಿ’ ಅಂತಾರೆ. ನಮ್ಮ ಹೈಸ್ಕೂಲು ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆಯ ಮೂಲಕ ಕಟ್ಟಿದ ಕೋಯರ್ ಅನ್ನುವ ಕನ್ನಡ ಸಂಪನ್ಮೂಲ ಜಾಲದಲ್ಲೂ ಗಣಿತಕ್ಕೆ ಬೇಕಾದಷ್ಟಿದೆ. ತೆಗೆದುಕೊಳ್ಳಬಹುದು, ತಿದ್ದಿ ಬಳಸಬಹುದು.

ಶಾಲೆಯವರು ಒಪ್ಪಿದರೆ ನೀವು ನಾಲ್ಕು ಜನ ಟೀಚರ್‌ಗಳು ಶನಿವಾರ ಕೂತು ಮಾತಾಡಿದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತ ಕೇಳಿ ನೋಡಿ. ಸಿಬಿಎಸ್‌ಇ ಶಾಲೆಗಳಲ್ಲಿ 50ರಲ್ಲಿ 25 ಗಂಟೆಯನ್ನು ಶಾಲೆಯೊಳಗೇ ಮಾಡಬಹುದು.

ನನ್ನ ಹೆಂಡತಿ ಪ್ರಾಥಮಿಕ ಶಾಲೆ ಶಿಕ್ಷಕಿ. ರಾತ್ರಿ ಹತ್ತಾದರೂ ಮೊಬೈಲ್ ಬಿಡುವುದಿಲ್ಲ. ಕೇಳಿದರೆ ‘ಟ್ರೇನಿಂಗ್’ ಅಂತಾಳೆ. ಮನೆ ನೋಡಿಕೊಳ್ಳುವುದು ಯಾರು?
— ಒಬ್ಬ ಓದುಗ, ರಾಣೆಬೆನ್ನೂರು

ನೀವು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ತರಬೇತಿ ಅಂದರೆ ಓಓಡಿ (ಅನ್ಯ ಕಾರ್ಯನಿಮಿತ್ತ ಹೊರಗೆ) ಅಂತ ಹಾಕಿ ಹೋಗುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಅದು ಕೆಲಸದ ಹೊತ್ತು ಅಂತಲೇ ಲೆಕ್ಕ. ಅದೇ ತರಬೇತಿ ಫೋನಿಗೆ ಬಂದಾಗ ಆ ಹೊತ್ತು ಯಾರಿಗೂ ಗೊತ್ತಾಗದ ಹಾಗೆ ಶಾಲೆಯಿಂದ ಮನೆಗೆ ಜಾರಿತು. ಹಗಲು ಪಾಠ, ಬಿಸಿಯೂಟದ ಲೆಕ್ಕ, ಹಾಜರಾತಿ ಅಪ್‌ಲೋಡು. ಉಳಿದದ್ದು ರಾತ್ರಿ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಎಷ್ಟು ಜನ ಹೆಂಗಸರಿದ್ದಾರೆ ನೋಡಿ. ಅವರ ಒಲೆ ಮುಂದಿನ ಹೊತ್ತೇ ಇದಕ್ಕೆ ಹೋಗುತ್ತಿದೆ. ಆನ್‌ಲೈನ್ ತರಬೇತಿಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಶಾಲೆಯ ಅವಧಿಯಲ್ಲೇ ವಾರಕ್ಕೊಂದು ಗಂಟೆ ಬಿಟ್ಟುಕೊಡಬೇಕು ಅಂತ ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತಾ ಬಂದಿದ್ದೇನೆ. ತಲೆ ಆಡಿಸುತ್ತಾರೆ, ಬಿಡುವುದಿಲ್ಲ. ಅದು ಆಗುವವರೆಗೆ ಚಪಾತಿ ಹಿಟ್ಟು ನೀವು ಕಲಸಿ ಸ್ವಾಮಿ.

ಎಐಗೆ ಕೇಳಿದರೆ ಪಾಠ ಯೋಜನೆ ಕನ್ನಡದಲ್ಲೇ ಕೊಡುತ್ತೆ. ಇನ್ನು ತರಬೇತಿ ಯಾಕೆ ಬೇಕು?
— ಶಿಕ್ಷಕ, ಮಂಡ್ಯ

ಕೊಡುತ್ತೆ, ನಾನೂ ಕೇಳಿ ನೋಡಿದ್ದೇನೆ. ಚೆಂದದ ತಲೆಬರಹ, ಚೆಂದದ ಉದ್ದೇಶಗಳು. ಭಿನ್ನರಾಶಿಗೆ ಉದಾಹರಣೆ ಕೊಡು ಅಂದರೆ ಪಿಜ್ಜಾ ತುಂಡು ಮಾಡುತ್ತದೆ. ಕಬ್ಬಿನ ಜಲ್ಲೆಯನ್ನು ಮೂರು ಮಕ್ಕಳಿಗೆ ಸಮನಾಗಿ ಮುರಿದು ಕೊಡೋದು ನಿಮ್ಮೂರಲ್ಲಿ ದಿನಾ ನಡೆಯುತ್ತೆ, ಅದನ್ನು ನೀವೇ ಹೇಳಬೇಕು. ಅಭ್ಯಾಸದ ಲೆಕ್ಕ, ಪ್ರಶ್ನೆಪತ್ರಿಕೆಯ ಕರಡು, ಇಂಥದ್ದಕ್ಕೆ ಧಾರಾಳವಾಗಿ ಬಳಸಿ. ಉತ್ತರಗಳನ್ನು ಮಾತ್ರ ಒಂದೊಂದಾಗಿ ನೀವೇ ಮಾಡಿ ನೋಡಿ, ಲೆಕ್ಕದಲ್ಲಿ ಅದು ಧೈರ್ಯವಾಗಿ ತಪ್ಪು ಹೇಳುತ್ತೆ. ಮಕ್ಕಳ ಹೆಸರು, ಅಂಕಪಟ್ಟಿ ಅದಕ್ಕೆ ಹಾಕಬೇಡಿ. ಇನ್ನೊಂದು: 42ರಲ್ಲಿ 17 ಕಳೆದು 35 ಬರೆದ ಮಗುವಿನ ತಲೆಯಲ್ಲಿ ಏನಿತ್ತು ಅಂತ ಕೇಳಿದರೆ ನಾಲ್ಕು ಸಾಧ್ಯತೆ ಕೊಡುತ್ತದೆ. ಅದರಲ್ಲಿ ಯಾವುದು ಅನ್ನೋದನ್ನು ಮಾತ್ರ ಮಗುವನ್ನೇ ಕೇಳಬೇಕು ಮೇಷ್ಟ್ರೆ.